ನಡು ಮಾತ್ರ ಮೆತ್ತಗೆ: ಬೈಕಂಪಾಡಿಯ ಒಂದು ಫಿಶ್ ಲಾಗ್, ಒಂದು ಪ್ರಕರಣ ಅಧ್ಯಯನ

ಒಂದೇ ಬ್ಲಾಕ್ ಸುರಿಮಿ (ತೊಳೆದು ಅರೆದು ಹೆಪ್ಪುಗಟ್ಟಿಸಿದ ಮೀನಿನ ಮಾಂಸ), ಒಂದೇ ಅಳತೆಯ ಉಪ್ಪು, ಒಂದೇ ಬೌಲ್ ಕಟರ್ ಎಂಬ ಅರೆಯುವ ಯಂತ್ರ. ಅದರಿಂದ ಮಾಡಿದ ಫಿಶ್ ಬಾಲ್ ಹಲ್ಲಿಗೆ ಪುಟಿಯುತ್ತದೆ. ಕೊರಡಿನಂತೆ ಉದ್ದ ದುಂಡಗಿನ ಲಾಗ್ ಮಾತ್ರ ಕತ್ತರಿಸಿದ ಕೂಡಲೇ ನಡುವಿನಿಂದ ಹಿಟ್ಟಿನ ಹಾಗೆ ಉದುರುತ್ತದೆ. ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದ ಸಣ್ಣ ಮೀನು ಸಂಸ್ಕರಣಾ ಘಟಕವೊಂದರಲ್ಲಿ ಮೇ ತಿಂಗಳಲ್ಲಿ ಎದುರಾದ ತೊಂದರೆ ಇದು. ಘಟಕದ ಹೆಸರು ಇಲ್ಲಿ ಬೇಡ. ತೊಂದರೆ ಮಾತ್ರ ಪ್ರೋಟೀನ್ ಬೇಯಿಸುವ ಯಾರಿಗಾದರೂ ಬರಬಹುದಾದದ್ದು. ಡೆಲ್ಟಾ ಜಿ, ಎಂಥಾಲ್ಪಿ, ಎಂಟ್ರೊಪಿ ಎಂದು ಪಾಠದಲ್ಲಿ ಓದಿ ಮರೆತದ್ದು ಕಾರ್ಖಾನೆಯ ಬಿಸಿನೀರಿನ ತೊಟ್ಟಿಯಲ್ಲಿ ಹೇಗೆ ಕೆಲಸಕ್ಕೆ ಬರುತ್ತದೆ ಎಂದು ನೋಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಕರಾವಳಿಯಲ್ಲಿ ಸಿಗಲಾರದು.

ಘಟಕ ಎರಡು ವರ್ಷದಿಂದ 3 ಸೆಂ.ಮೀ. ವ್ಯಾಸದ ಬಾಲ್ ಮಾಡುತ್ತಿತ್ತು. ಕಚ್ಚಾ ಮಾಲು ರಾಣಿ ಮೀನಿನ ಸುರಿಮಿ. ದಕ್ಕೆಯಲ್ಲಿ ಇದೇ ಮೀನನ್ನು ಮದ್ಮಲ್ ಎನ್ನುತ್ತಾರೆ. 10 ಕೆಜಿಯ ಬ್ಲಾಕ್, ಮೈನಸ್ 20 ಡಿಗ್ರಿಯ ಕೋಲ್ಡ್ ಸ್ಟೋರ್. ಅರೆಕರಗಿದ ಬ್ಲಾಕನ್ನು ಬೌಲ್ ಕಟರ್‌ಗೆ ಹಾಕಿ, ಶೇ. 2.5 ಉಪ್ಪು ಸೇರಿಸಿ, ಐಸ್ ಹಾಕುತ್ತಾ 10 ಡಿಗ್ರಿ ಮೀರದಂತೆ ಅರೆಯುವುದು. ಅಚ್ಚು ಹಾಕಿ 40 ಡಿಗ್ರಿ ನೀರಿನಲ್ಲಿ 30 ನಿಮಿಷ. ಆಮೇಲೆ 90 ಡಿಗ್ರಿ ನೀರಿನಲ್ಲಿ 20 ನಿಮಿಷ. ಕೊನೆಗೆ ಐಸ್ ನೀರು. ಇದರಲ್ಲಿ ತಕರಾರು ಬಂದದ್ದೇ ಇಲ್ಲ. ಒಬ್ಬ ಹೋಟೆಲ್ ಗ್ರಾಹಕರು ಸ್ಯಾಂಡ್‌ವಿಚ್‌ಗೆ ಹಾಕುವ ಬಿಲ್ಲೆ ಬೇಕು ಎಂದರು. ಹಾಗಾಗಿ 5 ಸೆಂ.ಮೀ. ವ್ಯಾಸ, 20 ಸೆಂ.ಮೀ. ಉದ್ದದ ಕೇಸಿಂಗ್‌ನಲ್ಲಿ ತುಂಬಿ ಸುಮಾರು 400 ಗ್ರಾಂನ ಲಾಗ್ ಮಾಡಿದರು. ವಿಧಾನದಲ್ಲಿ ಒಂದೇ ಒಂದು ಬದಲಾವಣೆ: 90 ಡಿಗ್ರಿಯಲ್ಲಿ 20 ನಿಮಿಷದ ಬದಲು 40 ನಿಮಿಷ. ದಪ್ಪ ಹೆಚ್ಚಾಯಿತು, ಬೇಯಿಸುವ ಹೊತ್ತೂ ಹೆಚ್ಚಾಗಲಿ ಎಂಬ ಲೆಕ್ಕ. ಒಳಗೆ ಬೆಂದಿರಲಿಲ್ಲ ಎಂದೂ ಅಲ್ಲ, ತೆಗೆಯುವಾಗ ನಡುವಿನ ತಾಪ 75 ದಾಟುತ್ತಿತ್ತು.

ಮ್ಯಾನೇಜರ್ ಮೊದಲು ಬೊಟ್ಟು ಮಾಡಿದ್ದು ಸುರಿಮಿ ಕೊಟ್ಟವರ ಕಡೆಗೆ. ಅದಕ್ಕೆ ಕಾರಣವೂ ಇತ್ತು. ಆ ವಾರ ಕರೆಂಟ್ ಹೋಗಿ ಜನರೇಟರ್ ಕೈಕೊಟ್ಟಾಗ ತಮ್ಮದೇ ಕೋಲ್ಡ್ ಸ್ಟೋರ್ ಕೆಲವು ಗಂಟೆ ಮೈನಸ್ 14ಕ್ಕೆ ಏರಿತ್ತು. ಮಾಲು ಬರುವ ದಾರಿಯಲ್ಲೂ ಹಾಗೆಯೇ ಆಗಿರಬಹುದೆಂಬುದು ಅವರ ಸಂಶಯ. ಹೆಪ್ಪುಗಟ್ಟಿದ ಸ್ಥಿತಿಯಲ್ಲೇ ಮೀನಿನ ಪ್ರೋಟೀನ್ ಕೆಡುತ್ತದೆ ಎಂಬುದು ನಿಜ. ನೀರು ಐಸ್ ಆಗುತ್ತಾ ಹೋದಂತೆ ಉಳಿದ ದ್ರವದಲ್ಲಿ ಲವಣ ದಟ್ಟವಾಗುತ್ತದೆ, ಸ್ನಾಯುವಿನ ಮುಖ್ಯ ಪ್ರೋಟೀನ್ ಆದ ಮಯೋಸಿನ್‌ನ ಅಣುಗಳು ಒತ್ತೊತ್ತಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇದನ್ನು ತಡೆಯಲು ಸಕ್ಕರೆ ಹಾಕುವ ಉಪಾಯ ಜಪಾನಿನ ಹೊಕ್ಕೈಡೊದಲ್ಲಿ 1960ರ ಸುಮಾರಿಗೆ ಹುಟ್ಟಿತು. ಈಗಲೂ ಸಾಮಾನ್ಯವಾಗಿ ಶೇ. 4 ಸಕ್ಕರೆ, ಶೇ. 4 ಸಾರ್ಬಿಟಾಲ್, ಶೇ. 0.2ರಿಂದ 0.3 ಪಾಲಿಫಾಸ್ಫೇಟ್ ಬೆರೆಸುತ್ತಾರೆ. ಸಕ್ಕರೆ ಪ್ರೋಟೀನಿಗೆ ಅಂಟಿಕೊಂಡು ಕಾಪಾಡುವುದಲ್ಲ. ಅದರ ಮೈಯಿಂದ ದೂರ ನಿಲ್ಲುವುದರಿಂದಲೇ ಕಾಪಾಡುತ್ತದೆ. ಬಿಚ್ಚಿಕೊಂಡ ಪ್ರೋಟೀನಿನ ಮೈ ದೊಡ್ಡದು. ಸಕ್ಕರೆಯ ನಡುವೆ ದೊಡ್ಡ ಮೈ ಇಟ್ಟುಕೊಳ್ಳುವುದು ಶಕ್ತಿಯ ಲೆಕ್ಕದಲ್ಲಿ ದುಬಾರಿ, ಆದ್ದರಿಂದ ಮಡಚಿದ ರೂಪವೇ ಲಾಭ.

ಆದರೆ ಈ ಸಂಶಯ ನಿಲ್ಲಲಿಲ್ಲ. ಬ್ಲಾಕ್ ಕೆಟ್ಟಿದ್ದರೆ ಅದರಿಂದ ಮಾಡಿದ ಬಾಲ್ ಕೂಡ ಕೆಡಬೇಕಿತ್ತು. ಅದಕ್ಕಿಂತ ಒಳ್ಳೆಯ ಸುಳಿವು ಕೊಟ್ಟದ್ದು ಪ್ಯಾಕಿಂಗ್ ಮೇಜಿನ ಹೆಂಗಸು. ಬಿಲ್ಲೆ ಕತ್ತರಿಸುತ್ತಾ ಅವರು ಸೂಪರ್‌ವೈಸರ್‌ಗೆ ಹೇಳಿದ್ದಿಷ್ಟು: "ಇಡೀ ಮೆತ್ತಗೆ ಅಲ್ಲ ಅಣ್ಣಾ, ಬದಿ ಸರಿ ಉಂಟು. ನಡು ಮಾತ್ರ." ಈ ಮಾತನ್ನು ಅಳತೆಗೆ ಹಾಕಿದಾಗ ಸಿಕ್ಕ ಅಂಕಿ ಹೀಗಿತ್ತು. 5 ಮಿ.ಮೀ. ಗುಂಡು ತುದಿಯ ಸಲಾಕೆ ಒತ್ತಿ ನೋಡಿದರೆ ಬಾಲ್ 480 ಗ್ರಾಂ ಬಲಕ್ಕೆ, 1.1 ಸೆಂ.ಮೀ. ತಗ್ಗಿದ ಮೇಲೆ ಒಡೆಯಿತು. ಗುಣಿಸಿದರೆ ಜೆಲ್ ಬಲ, ಅಂದರೆ ಬೆಂದು ಗಟ್ಟಿಯಾದ ಪೇಸ್ಟ್‌ನ ಬಲ, 528. ಲಾಗ್‌ನ ಅಂಚು 430. ಲಾಗ್‌ನ ನಡು 170 ಗ್ರಾಂಗೆ, 0.6 ಸೆಂ.ಮೀ.ಗೆ ಒಡೆದು ಬರೀ 102. ಮಡಚುವ ಪರೀಕ್ಷೆಯಲ್ಲೂ ಅಷ್ಟೆ: 3 ಮಿ.ಮೀ. ಬಿಲ್ಲೆಯನ್ನು ನಾಲ್ಕಾಗಿ ಮಡಚಿದರೂ ಬಾಲ್ ಬಿರಿಯಲಿಲ್ಲ. ಲಾಗ್‌ನ ಬಿಲ್ಲೆ ಎರಡಾಗಿ ಮಡಚುವಾಗಲೇ ನಡುವಿನಲ್ಲಿ ಸೀಳಿತು.

ಈ ಅಳತೆಯಲ್ಲಿ ಒಂದು ಎಚ್ಚರ ಬೇಕು. ಜೆಲ್ ತಣ್ಣಗಿದ್ದಾಗ ಹೈಡ್ರೋಜನ್ ಬಂಧಗಳು ಬಿಗಿಯಾಗಿ ಎಲ್ಲವೂ ಗಟ್ಟಿ ಎನಿಸುತ್ತದೆ. ಫ್ರಿಜ್‌ನಿಂದ ತೆಗೆದ ಕೂಡಲೇ ಒತ್ತಿದರೆ ಕೆಟ್ಟ ಲಾಗ್ ಕೂಡ ಪಾಸ್. ರಾತ್ರಿಯಿಡೀ 4 ಡಿಗ್ರಿಯಲ್ಲಿಟ್ಟು, ಮರುದಿನ ಕೋಣೆಯ ತಾಪಕ್ಕೆ ಬರುವವರೆಗೆ ಕಾದು ಅಳೆಯಬೇಕು. ಘಟಕದ ಹಿಂದಿನ ದಾಖಲೆಗಳಲ್ಲಿ ಈ ತಾಪವನ್ನು ಬರೆದೇ ಇರಲಿಲ್ಲ, ಹಾಗಾಗಿ ಅವನ್ನು ಪಕ್ಕಕ್ಕಿಡಬೇಕಾಯಿತು.

ಪ್ರೋಟೀನ್ ಎಷ್ಟು ಸ್ಥಿರ?

ಅಂಚು ಗಟ್ಟಿ, ನಡು ಮೆತ್ತಗೆ ಎಂದರೆ ವ್ಯತ್ಯಾಸ ವಸ್ತುವಿನಲ್ಲಿ ಇಲ್ಲ, ಬಿಸಿ ತಲುಪಿದ ರೀತಿಯಲ್ಲಿದೆ. ಅದು ಹೇಗೆ ಎಂದು ತಿಳಿಯಲು ಪ್ರೋಟೀನಿನ ಸ್ಥಿರತೆಯ ಲೆಕ್ಕದಿಂದಲೇ ಶುರು ಮಾಡಬೇಕು.

ಮಡಚಿಕೊಂಡ ಪ್ರೋಟೀನ್ ಬಿಚ್ಚಿಕೊಳ್ಳಲು ಬೇಕಾದ ಗಿಬ್ಸ್ ಶಕ್ತಿ, ಅಂದರೆ ಡೆಲ್ಟಾ ಜಿ, ಸಾಮಾನ್ಯವಾಗಿ ಮೋಲ್‌ಗೆ 20ರಿಂದ 60 ಕಿಲೋಜೂಲ್. ಜೀವಕೋಶದ ಶಕ್ತಿಯ ನಾಣ್ಯವಾದ ಎಟಿಪಿ ಒಂದು ಮೋಲ್ ಒಡೆದಾಗ ಪ್ರಮಾಣಿತ ಸ್ಥಿತಿಯಲ್ಲಿ ಬಿಡುಗಡೆಯಾಗುವುದು 30.5 ಕಿಲೋಜೂಲ್. ಅಂದರೆ ನೂರಾರು ಅಮೈನೋ ಆಮ್ಲಗಳ ಇಡೀ ಕಟ್ಟಡ ನಿಂತಿರುವುದು ಒಂದೆರಡು ಎಟಿಪಿಯಷ್ಟು ಬಂಡವಾಳದ ಮೇಲೆ. ಇಷ್ಟು ಕಡಿಮೆ ಏಕೆಂದರೆ ಈ ಸಂಖ್ಯೆ ಎರಡು ದೊಡ್ಡ ಸಂಖ್ಯೆಗಳ ನಡುವಿನ ಸಣ್ಣ ವ್ಯತ್ಯಾಸ. ಬಿಚ್ಚಿಕೊಳ್ಳಲು ಒಳಗಿನ ಬಂಧಗಳನ್ನು ಮುರಿಯಬೇಕು. ಅದು ಎಂಥಾಲ್ಪಿಯ ಖರ್ಚು. ಬಿಚ್ಚಿಕೊಂಡ ಸರಪಳಿಗೆ ಕುಣಿಯಲು ಜಾಗ ಸಿಗುತ್ತದೆ. ಅದು ಎಂಟ್ರೊಪಿಯ ಗಳಿಕೆ. ತಾಪ ಏರಿದಂತೆ ಗಳಿಕೆಯ ತೂಕ ಏರುತ್ತದೆ.

ಒಂದು ಮಾದರಿ ಪ್ರೋಟೀನ್ ತೆಗೆದುಕೊಳ್ಳಿ: 50 ಡಿಗ್ರಿಯಲ್ಲಿ, ಅಂದರೆ 323 ಕೆಲ್ವಿನ್‌ನಲ್ಲಿ, ಅರ್ಧ ಬಿಚ್ಚಿಕೊಳ್ಳುತ್ತದೆ, ಬಿಚ್ಚುವ ಎಂಥಾಲ್ಪಿ ಮೋಲ್‌ಗೆ 400 ಕಿಲೋಜೂಲ್. ಆಗ ಎಂಟ್ರೊಪಿ ಬದಲಾವಣೆ 400ನ್ನು 323ರಿಂದ ಭಾಗಿಸಿದಷ್ಟು, ಅಂದರೆ ಪ್ರತಿ ಕೆಲ್ವಿನ್‌ಗೆ ಸುಮಾರು 1.24. 45 ಡಿಗ್ರಿಯಲ್ಲಿ ತಾಪ ಗುಣಿಸು ಎಂಟ್ರೊಪಿ 393.8. 400ರಿಂದ ಅದನ್ನು ಕಳೆದರೆ ಉಳಿಯುವುದು 6.2. ಇದರಿಂದ ಸಮತೋಲನ ಸ್ಥಿರಾಂಕ ತೆಗೆದರೆ 100 ಅಣುಗಳಲ್ಲಿ 9 ಮಾತ್ರ ಬಿಚ್ಚಿರುತ್ತವೆ. 48 ಡಿಗ್ರಿಯಲ್ಲಿ 28. 50ರಲ್ಲಿ 50. 52ರಲ್ಲಿ 71. 55ರಲ್ಲಿ 91. ಹತ್ತು ಡಿಗ್ರಿ ಅಂತರದಲ್ಲಿ ಇಡೀ ಊರೇ ಆ ಕಡೆಯಿಂದ ಈ ಕಡೆಗೆ ಬಂದಂತೆ. ತಾಪಕ್ಕೆ ತಕ್ಕಂತೆ ಎಂಥಾಲ್ಪಿಯೂ ಬದಲಾಗುತ್ತದೆ ಎಂಬ ತಿದ್ದುಪಡಿಯನ್ನು ಇಲ್ಲಿ ಬಿಟ್ಟಿದ್ದೇವೆ. ಮಧ್ಯಬಿಂದುವಿನ ಹತ್ತಿರ ಅದರಿಂದ ಹೆಚ್ಚು ವ್ಯತ್ಯಾಸವಿಲ್ಲ. 10 ಡಿಗ್ರಿಯ ಲೆಕ್ಕಕ್ಕೆ ಹೋದರೆ ಅದನ್ನು ಬಿಡುವಂತಿಲ್ಲ.

ಮಯೋಸಿನ್ ಇಷ್ಟು ಸರಳವಲ್ಲ. ಅದು ಹಲವು ಭಾಗಗಳ ಉದ್ದ ಅಣು, ಒಂದೊಂದು ಭಾಗ ಒಂದೊಂದು ತಾಪದಲ್ಲಿ ಬಿಚ್ಚುತ್ತದೆ. ಮೀನಿನ ಸ್ನಾಯುವನ್ನು ಕ್ಯಾಲೋರಿಮೀಟರ್‌ನಲ್ಲಿ ಬಿಸಿ ಮಾಡಿದರೆ ಮಯೋಸಿನ್‌ನ ಶಿಖರಗಳು ಹೆಚ್ಚಾಗಿ 40ರಿಂದ 60 ಡಿಗ್ರಿಯ ನಡುವೆ, ಸ್ನಾಯುವಿನ ಇನ್ನೊಂದು ಪ್ರೋಟೀನ್ ಆಕ್ಟಿನ್‌ನದು 70ರ ಮೇಲೆ ಕಾಣುತ್ತವೆ. ನಮ್ಮ ಬೆಚ್ಚಗಿನ ಕಡಲಿನ ಮೀನಿನ ಮಯೋಸಿನ್ ಅಲಾಸ್ಕಾದ ಪೊಲಾಕ್ ಮೀನಿನದಕ್ಕಿಂತ ಗಟ್ಟಿಗ; ವಾಸದ ನೀರು ಬಿಸಿಯಾದಷ್ಟೂ ಪ್ರೋಟೀನಿನ ಸ್ಥಿರತೆ ಹೆಚ್ಚು. ಪೊಲಾಕ್‌ಗೆ ಬರೆದ ಪಾಕವಿಧಾನವನ್ನು ರಾಣಿ ಮೀನಿಗೆ ನೇರ ಹಚ್ಚಬಾರದು ಎನ್ನುವುದು ಈ ಕಾರಣಕ್ಕೆ. ಉಪ್ಪೂ ಲೆಕ್ಕವನ್ನು ಬದಲಿಸುತ್ತದೆ. ಶೇ. 78 ನೀರಿರುವ ಮಸಾಲೆಯಿಲ್ಲದ ಪೇಸ್ಟ್‌ಗೆ ಶೇ. 2.5 ಉಪ್ಪು ಹಾಕಿದರೆ ನೀರಿನ ಪಾಲಿಗೆ ಅದು ಸುಮಾರು 0.55 ಮೋಲಾರ್. ಆ ದಟ್ಟಣೆಯಲ್ಲಿ ಮಯೋಸಿನ್ ತಂತುಗಳು ಬಿಡಿ ಅಣುಗಳಾಗಿ ಕರಗುತ್ತವೆ. ಪೇಸ್ಟ್ ಅಂಟಂಟಾಗುವುದು ಅದಕ್ಕೇ. ಜೊತೆಗೆ ಬಿಡಿ ಅಣುಗಳು ಬಿಸಿಗೆ ಬೇಗ ಬಿಚ್ಚುತ್ತವೆ. ಬೌಲ್ ಕಟರ್‌ನಲ್ಲಿ ಐಸ್ ಹಾಕುವ ಕೆಲಸಗಾರ ಕಾಯುತ್ತಿರುವುದು ಈ ಸಣ್ಣ ಬಂಡವಾಳವನ್ನು.

ಇನ್ನೊಂದು ಮುಖ್ಯ ಮಾತು. ಕ್ರಿಶ್ಚಿಯನ್ ಆನ್‌ಫಿನ್‌ಸನ್‌ಗೆ 1972ರ ನೊಬೆಲ್ ತಂದುಕೊಟ್ಟ ರೈಬೋನ್ಯೂಕ್ಲಿಯೇಸ್ ಬಿಚ್ಚಿದ ಮೇಲೆ ಮತ್ತೆ ತಾನೇ ಮಡಚಿಕೊಂಡಿತು. ದಟ್ಟವಾದ ಮೀನಿನ ಪೇಸ್ಟ್‌ನಲ್ಲಿ ಹಾಗಾಗದು. ಬಿಚ್ಚಿದ ಅಣುವಿನ ಒಳಗಿದ್ದ ನೀರು ಒಲ್ಲದ ಭಾಗಗಳು ಹೊರಬಂದು ಪಕ್ಕದ ಅಣುವನ್ನು ಹಿಡಿಯುತ್ತವೆ. ಇನ್ನು ಹಿಂತಿರುಗುವ ದಾರಿ ಇಲ್ಲ. ಮೊದಲ ಹೆಜ್ಜೆ ಸಮತೋಲನದ್ದು, ಎರಡನೆಯ ಹೆಜ್ಜೆ ಏಕಮುಖ ಎಂಬ ಈ ಚಿತ್ರವನ್ನು ಲಮ್ರಿ ಮತ್ತು ಐರಿಂಗ್ 1954ರಲ್ಲೇ ಬರೆದಿಟ್ಟರು. ಏಕಮುಖ ಹೆಜ್ಜೆ ಬಂದ ಮೇಲೆ ಡೆಲ್ಟಾ ಜಿ ಒಂದರಿಂದಲೇ ಉತ್ತರ ಸಿಗುವುದಿಲ್ಲ. ಎಷ್ಟು ತಾಪ ಎನ್ನುವುದರ ಜೊತೆ ಎಷ್ಟು ಹೊತ್ತು ಎಂದೂ ಕೇಳಬೇಕು. ಲಾಗ್‌ನ ಸಮಸ್ಯೆ ಅಡಗಿದ್ದದ್ದು ಈ ಎರಡನೆಯ ಪ್ರಶ್ನೆಯಲ್ಲಿ.

40ರಲ್ಲಿ ಕಟ್ಟುವುದು, 60ರಲ್ಲಿ ಕೆಡುವುದು

ಜಪಾನೀಯರು 40 ಡಿಗ್ರಿಯ ಸುತ್ತ ಆಗುವ ಗಟ್ಟಿಯಾಗುವಿಕೆಯನ್ನು ಸುವಾರಿ ಎನ್ನುತ್ತಾರೆ, 60ರ ಸುತ್ತ ಆಗುವ ಮೆತ್ತಗಾಗುವಿಕೆಯನ್ನು ಮೊದೋರಿ. ಎರಡರ ಹಿಂದೆಯೂ ಮೀನಿನದೇ ಕಿಣ್ವಗಳಿವೆ.

ಸುವಾರಿಯಲ್ಲಿ ಕೆಲಸ ಮಾಡುವುದು ಟ್ರಾನ್ಸ್‌ಗ್ಲುಟಮಿನೇಸ್. ಕ್ಯಾಲ್ಸಿಯಂ ಇದ್ದರೆ ಅದು ಒಂದು ಮಯೋಸಿನ್‌ನ ಗ್ಲುಟಮಿನ್ ಮತ್ತು ಇನ್ನೊಂದರ ಲೈಸಿನ್ ನಡುವೆ ಸಹವೇಲೆನ್ಸಿ ಸೇತುವೆ ಕಟ್ಟುತ್ತದೆ, ಅಮೋನಿಯಾ ಹೊರಬೀಳುತ್ತದೆ. ಜೀವಕೋಶದಲ್ಲಿ ಅಮೈನೋ ಆಮ್ಲಗಳನ್ನು ಜೋಡಿಸುವ ಪೆಪ್ಟೈಡ್ ಬಂಧ (ಇದೂ ಒಂದು ಅಮೈಡ್ ಬಂಧ) ಕಟ್ಟಲು ಎಟಿಪಿ ಬೇಕು; ಸತ್ತ ಮೀನಿನಲ್ಲಿ ಎಟಿಪಿ ಎಂದೋ ಮುಗಿದಿದೆ. ಆದರೂ ಈ ಸೇತುವೆ ಆಗುತ್ತದೆ, ಏಕೆಂದರೆ ಹೊಸ ಅಮೈಡ್ ಬಂಧಕ್ಕೆ ಬೇಕಾದ ಶಕ್ತಿ ಗ್ಲುಟಮಿನ್‌ನಲ್ಲಿ ಆಗಲೇ ಇದ್ದ ಅಮೈಡ್ ಬಂಧದಿಂದ ವರ್ಗವಾಗುತ್ತದೆ. ಹೊಸ ಸಾಲ ಬೇಕಿಲ್ಲ. 50 ಡಿಗ್ರಿ ದಾಟಿದ ಮೇಲೆ ಈ ಕಿಣ್ವ ತಾನೇ ಬಿಚ್ಚಿಕೊಂಡು ಸುಮ್ಮನಾಗುತ್ತದೆ.

ಮೊದೋರಿಯದು ಬೇರೆ ಕತೆ. ಪೆಪ್ಟೈಡ್ ಬಂಧ ನೀರಿನಲ್ಲಿ ಒಡೆಯುವುದು ಶಕ್ತಿಯ ದೃಷ್ಟಿಯಿಂದ ಇಳಿಜಾರಿನ ದಾರಿಯೇ. ಡೆಲ್ಟಾ ಜಿ ಋಣ, ಮೋಲ್‌ಗೆ 10 ಕಿಲೋಜೂಲ್ ಆಸುಪಾಸು. ಆದರೂ ನಮ್ಮ ಚರ್ಮ ಕರಗಿ ಹೋಗುವುದಿಲ್ಲ. ಕಿಣ್ವವಿಲ್ಲದೆ 25 ಡಿಗ್ರಿಯ ನೀರಿನಲ್ಲಿ ಒಂದು ಪೆಪ್ಟೈಡ್ ಬಂಧದ ಅರ್ಧಾಯುಷ್ಯ ನೂರಾರು ವರ್ಷ. ದಾರಿ ಇಳಿಜಾರಿನದ್ದಾದರೂ ನಡುವೆ ಎತ್ತರದ ಗುಡ್ಡ ಇದೆ. ಪ್ರೋಟೀನ್ ಕತ್ತರಿಸುವ ಕಿಣ್ವವಾದ ಪ್ರೋಟಿಯೇಸ್ ಆ ಗುಡ್ಡವನ್ನು ತಗ್ಗಿಸುತ್ತದೆ. ರಾಣಿ ಮೀನಿನ ಸ್ನಾಯುವಿನಲ್ಲೂ ಬಿಸಿಗೆ ಎಚ್ಚೆತ್ತು ಮಯೋಸಿನ್‌ನ ಉದ್ದನೆಯ ಮುಖ್ಯ ಎಳೆಯಾದ ಭಾರ ಸರಪಳಿಯನ್ನು ಕತ್ತರಿಸುವ ಪ್ರೋಟಿಯೇಸ್‌ಗಳಿವೆ. ಸುರಿಮಿ ಮಾಡುವಾಗ ಮೂರು ನಾಲ್ಕು ಪಾಲು ತಣ್ಣೀರಿನಲ್ಲಿ ತೊಳೆದರೆ ನೀರಿನಲ್ಲಿ ಕರಗುವ ಕಿಣ್ವಗಳು ಬಹಳಷ್ಟು ಹೋಗುತ್ತವೆ, ಸ್ನಾಯು ತಂತುವಿಗೇ ಅಂಟಿಕೊಂಡವು ಹೋಗುವುದಿಲ್ಲ.

60ರಲ್ಲೇ ಏಕೆ? ಮೂರು ಸಂಗತಿ ಒಟ್ಟಿಗೆ ಸೇರುತ್ತವೆ. ಕಿಣ್ವದ ವೇಗ ತಾಪದೊಂದಿಗೆ ಏರುತ್ತದೆ: ಸಕ್ರಿಯಣ ಶಕ್ತಿ ಮೋಲ್‌ಗೆ 60 ಕಿಲೋಜೂಲ್ ಎಂದಿಟ್ಟುಕೊಂಡರೆ 40ಕ್ಕಿಂತ 60ರಲ್ಲಿ ನಾಲ್ಕು ಪಟ್ಟು. ಮಡಚಿಕೊಂಡ ಮಯೋಸಿನ್ ಕತ್ತರಿಗೆ ಸಿಗುವುದಿಲ್ಲ, ಬಿಚ್ಚಿಕೊಂಡದ್ದು ಸಿಗುತ್ತದೆ; 55 ದಾಟಿದಾಗ ಬಹುಪಾಲು ಬಿಚ್ಚಿರುತ್ತದೆ. ಕತ್ತರಿಸುವ ಕಿಣ್ವವೂ ಪ್ರೋಟೀನೇ, ಅದಕ್ಕೂ ಮೇಲಿನದೇ ನಿಯಮ; ಆದರೆ ಅದರ ಮಧ್ಯಬಿಂದು ಮಯೋಸಿನ್‌ನದಕ್ಕಿಂತ ಮೇಲಿದೆ, 70 ದಾಟಿದರೆ ಅದೂ ಸಾಯುತ್ತದೆ. ಹೀಗಾಗಿ 50ರಿಂದ 70ರವರೆಗಿನ ಇಪ್ಪತ್ತು ಡಿಗ್ರಿ ಒಂದು ಅಪಾಯದ ಓಣಿ: ಬಲಿ ಬಿಚ್ಚಿಕೊಂಡಿದೆ, ಕಟುಕ ಇನ್ನೂ ಜೀವಂತ. ಓಣಿ ದಾಟಲು ತಗಲುವ ಹೊತ್ತೇ ಜೆಲ್‌ನ ಹಣೆಬರಹ.

ಲಾಗ್‌ನ ಒಳಗೆ ನಡೆದದ್ದು

ಮೀನಿನ ಪೇಸ್ಟ್‌ನಲ್ಲಿ ಬಿಸಿ ಹರಡುವ ದರ ಸೆಕೆಂಡಿಗೆ ಸುಮಾರು 0.14 ಚದರ ಮಿ.ಮೀ. ತ್ರಿಜ್ಯದ ವರ್ಗವನ್ನು ಇದರಿಂದ ಭಾಗಿಸಿದರೆ ಆ ವಸ್ತುವಿನ ಸ್ವಂತ ಗಡಿಯಾರ ಸಿಗುತ್ತದೆ. 3 ಸೆಂ.ಮೀ. ಬಾಲ್‌ಗೆ 15ರ ವರ್ಗ 225, ಭಾಗಿಸಿದರೆ ಸುಮಾರು 1,600 ಸೆಕೆಂಡ್. 5 ಸೆಂ.ಮೀ. ಲಾಗ್‌ಗೆ 25ರ ವರ್ಗ 625, ಸುಮಾರು 4,460 ಸೆಕೆಂಡ್. ಜೊತೆಗೆ ಗೋಲಕ್ಕೆ ಎಲ್ಲ ಕಡೆಯಿಂದ ಬಿಸಿ ಬರುತ್ತದೆ, ಸಿಲಿಂಡರಿಗೆ ಪಕ್ಕದಿಂದ ಮಾತ್ರ ಎನ್ನಬಹುದು. ವ್ಯಾಸ ಎರಡು ಪಟ್ಟು ಕೂಡ ಆಗಿಲ್ಲ. ಹೊತ್ತು ಮಾತ್ರ ನಾಲ್ಕೂವರೆ ಪಟ್ಟು ದಾಟುತ್ತದೆ.

90 ಡಿಗ್ರಿ ನೀರಿನಲ್ಲಿ ಬಾಲ್‌ನ ಕೇಂದ್ರ 50ರಿಂದ 70ಕ್ಕೆ ಏರಲು ಎರಡು ನಿಮಿಷ ಸಾಕು. ಲಾಗ್‌ನ ಕೇಂದ್ರಕ್ಕೆ ಒಂಬತ್ತೂವರೆ ನಿಮಿಷ ಬೇಕು. ಅದೂ ನೀರು 90ರಲ್ಲೇ ನಿಂತರೆ.

ನೀರು ನಿಲ್ಲುತ್ತಿರಲಿಲ್ಲ. ತೊಟ್ಟಿಯಲ್ಲಿ 200 ಲೀಟರ್ ನೀರು, ಅದಕ್ಕೆ ಒಂದೇ ಸಲ 60 ಕೆಜಿ ಲಾಗ್, 40 ಡಿಗ್ರಿಯಲ್ಲಿ. ಪೇಸ್ಟ್‌ನ ವಿಶಿಷ್ಟ ಉಷ್ಣ ಕೆಜಿಗೆ 3.6 ಕಿಲೋಜೂಲ್ ಎಂದು ಹಿಡಿದರೆ ಎರಡೂ ಸೇರಿ ನಿಲ್ಲುವ ತಾಪ 79.7 ಡಿಗ್ರಿ. ಸ್ಟೀಮ್ ಹಿಂದೆಯೇ ತುಂಬಿಕೊಡಬೇಕು. ಬಾಯ್ಲರ್ ನೋಡಿಕೊಳ್ಳುವವರು "ಪ್ರೆಶರ್ ಫುಲ್ ಉಂಟು ಸರ್, ಆದ್ರೂ ನೀರು ಏರುವುದಿಲ್ಲ" ಎಂದಿದ್ದರು. ಲೆಕ್ಕ ಹಾಕಿದರೆ 60 ಕೆಜಿಯನ್ನು 40ರಿಂದ 90ಕ್ಕೆ ಏರಿಸಲು 10,800 ಕಿಲೋಜೂಲ್ ಬೇಕು. ಅದು 5 ಕೆಜಿ ಸ್ಟೀಮ್‌ನ ಕೆಲಸ. ಬಾಯ್ಲರ್ ಸಣ್ಣದು ಎಂಬ ಮಾತೇ ಬರುವುದಿಲ್ಲ. ಸುರುಳಿ ಪೈಪ್‌ನ ತುದಿಯ ಸ್ಟೀಮ್ ಟ್ರ್ಯಾಪ್, ಅಂದರೆ ತಣಿದ ನೀರನ್ನು ಹೊರಬಿಡುವ ಕವಾಟ, ಕಟ್ಟಿಕೊಂಡು ಒಳಗೆಲ್ಲ ತಣಿದ ನೀರು ತುಂಬಿತ್ತು, ಹೊಸ ಸ್ಟೀಮ್‌ಗೆ ಒಳಗೆ ಬರಲು ಜಾಗವಿರಲಿಲ್ಲ. ಬಾಲ್ ಮಾಡುವ ಕಾಲದಲ್ಲೂ ಟ್ರ್ಯಾಪ್ ಹೀಗೇ ಇದ್ದಿರಬೇಕು. ಎರಡು ನಿಮಿಷ ನಾಲ್ಕಾದರೂ ಬಾಲ್ ಸಹಿಸಿಕೊಂಡಿತು, ಯಾರೂ ಗಮನಿಸಲಿಲ್ಲ. ನೀರು 80ರಲ್ಲೇ ನಿಂತರೆ ಲಾಗ್‌ನ ಕೇಂದ್ರ ಓಣಿಯಲ್ಲಿ ಕಳೆಯುವುದು ಹದಿನಾಲ್ಕೂವರೆ ನಿಮಿಷ. ತಾಪ ಅಳೆಯುವ ತೆಳು ತಂತಿಯಾದ ಥರ್ಮೋಕಪಲ್ ಚುಚ್ಚಿ ಡೇಟಾ ಲಾಗರ್‌ನಲ್ಲಿ ದಾಖಲಿಸಿದಾಗ ಬಂದದ್ದು 13 ನಿಮಿಷ. ನೀರು ಒಮ್ಮೆಗೇ ಅಲ್ಲ, ಮೆಲ್ಲನೆ ಇಳಿಯುತ್ತದೆ. ಹಾಗಾಗಿ ಎರಡು ಲೆಕ್ಕಗಳ ನಡುವಿನ ಈ ಅಂಕಿ ನಿರೀಕ್ಷಿತವೇ. ಥರ್ಮೋಕಪಲ್‌ನ್ನು ಬದಿಯಿಂದ ಚುಚ್ಚಬಾರದು, ತಂತಿಯೇ ಬಿಸಿಯನ್ನು ಒಳಗೆ ಒಯ್ದು ಅಳತೆ ಹಾಳು ಮಾಡುತ್ತದೆ. ಲಾಗ್‌ನ ತುದಿಯಿಂದ ಅಕ್ಷದಗುಂಟ 10 ಸೆಂ.ಮೀ. ಒಳಗೆ ತಳ್ಳಬೇಕು.

ಅದೇ ಲಾಗರ್ ಇನ್ನೊಂದು ಸಂಗತಿ ತೋರಿಸಿತು, ಇದನ್ನು ಯಾರೂ ಊಹಿಸಿರಲಿಲ್ಲ. 40 ಡಿಗ್ರಿಯ ತೊಟ್ಟಿಯಲ್ಲಿ 30 ನಿಮಿಷ ಎಂದು ಕಾರ್ಡಿನಲ್ಲಿ ಬರೆದಿದೆ. 10 ಡಿಗ್ರಿಯಲ್ಲಿ ಒಳಗೆ ಹೋದ ಬಾಲ್‌ನ ಕೇಂದ್ರ 9 ನಿಮಿಷದಲ್ಲಿ 38 ಮುಟ್ಟುತ್ತದೆ, ಉಳಿದ 20 ನಿಮಿಷ ಟ್ರಾನ್ಸ್‌ಗ್ಲುಟಮಿನೇಸ್ ಕೆಲಸ ಮಾಡುತ್ತದೆ. ಲಾಗ್‌ನ ಕೇಂದ್ರ 38 ಮುಟ್ಟಲು 41 ನಿಮಿಷ ಬೇಕು. 30 ನಿಮಿಷಕ್ಕೆ ಹೊರತೆಗೆದಾಗ ಅದು ಆಗಷ್ಟೇ 35 ತಲುಪಿರುತ್ತದೆ. ಅಂದರೆ ನಡುವಿಗೆ ಸೇತುವೆ ಕಟ್ಟುವ ಸಮಯ ಸಿಗಲೇ ಇಲ್ಲ, ಮುರಿಯುವ ಸಮಯ ಹಲವು ಪಟ್ಟು ಸಿಕ್ಕಿತು. ಬೇಯಿಸುವ ಹೊತ್ತನ್ನು 40 ನಿಮಿಷಕ್ಕೆ ಏರಿಸಿದ್ದರಿಂದ ಇದ್ಯಾವುದೂ ಸರಿಯಾಗದು. ಆ ಹೆಚ್ಚುವರಿ ಹೊತ್ತು ಬಂದದ್ದು ಹಾನಿಯೆಲ್ಲ ಮುಗಿದ ಮೇಲೆ.

ಊಹೆ ಹೌದೋ ಅಲ್ಲವೋ

ಲೆಕ್ಕ ಚೆಂದ ಹೊಂದಿದ ಮಾತ್ರಕ್ಕೆ ನಂಬಬಾರದು. ಅದೇ ಬ್ಲಾಕ್‌ನ ಪೇಸ್ಟನ್ನು 2.5 ಸೆಂ.ಮೀ. ಕೇಸಿಂಗ್‌ನಲ್ಲಿ ತುಂಬಿ ಮೂರು ರೀತಿ ಬೇಯಿಸಲಾಯಿತು. ನೇರವಾಗಿ 90ರಲ್ಲಿ ಅರ್ಧ ಗಂಟೆ: ಜೆಲ್ ಬಲ 360. 40ರಲ್ಲಿ ಅರ್ಧ ಗಂಟೆ, ಆಮೇಲೆ 90ರಲ್ಲಿ 20 ನಿಮಿಷ: 560. 60ರಲ್ಲಿ ಅರ್ಧ ಗಂಟೆ, ಆಮೇಲೆ 90ರಲ್ಲಿ 20 ನಿಮಿಷ: 110. ಕೊನೆಯ ಅಂಕಿ ಲಾಗ್‌ನ ನಡುವಿನ 102ಕ್ಕೆ ತೀರ ಹತ್ತಿರ. ಎರಡನೆಯದು ಬ್ಲಾಕ್‌ನ ಮೇಲಿದ್ದ ಆರೋಪವನ್ನೂ ತೆಗೆದುಹಾಕಿತು. ಬ್ಲಾಕ್‌ನ ಪಿಎಚ್ 6.9, ತೇವಾಂಶ ಶೇ. 78, ಎರಡೂ ಸರಿ. ಕೋಲ್ಡ್ ಸ್ಟೋರ್ ಏರಿಳಿತದಿಂದ ಮಯೋಸಿನ್ ಕೆಟ್ಟಿದ್ದರೆ ಅದರ ಕ್ಯಾಲ್ಸಿಯಂ ಎಟಿಪಿಯೇಸ್ ಚಟುವಟಿಕೆ, ಅಂದರೆ ಎಟಿಪಿ ಒಡೆಯುವ ಸಾಮರ್ಥ್ಯ, ಕುಸಿಯುತ್ತದೆ. ಆ ಪರೀಕ್ಷೆಗೆ ಹೊರಗಿನ ಲ್ಯಾಬ್ ಬೇಕು, ಈ ಹಂತದಲ್ಲಿ ಅದರ ಅಗತ್ಯ ಉಳಿದಿರಲಿಲ್ಲ.

ಮೊದೋರಿಯೇ ಎಂದು ಸಾಬೀತು ಮಾಡಲು ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರೆ ಮಾಡಿ ಪಟ್ಟಿಗಳಾಗಿ ತೋರಿಸುವ ಜೆಲ್ ಎಲೆಕ್ಟ್ರೋಫೊರೆಸಿಸ್ ಮಾಡಿಸಿದರು. ಇಲ್ಲಿ ಎಡವುವವರು ಬಹಳ. ಮಯೋಸಿನ್ ಭಾರ ಸರಪಳಿಯ ಪಟ್ಟಿ 200 ಕಿಲೋಡಾಲ್ಟನ್ ಸುಮಾರಿಗೆ ಕಾಣಬೇಕು; ನಡುವಿನ ಮಾದರಿಯಲ್ಲಿ ಅದು ಮಾಸಿತ್ತು. ಆದರೆ ಚೆನ್ನಾಗಿ ಸುವಾರಿಯಾದ ಬಾಲ್‌ನಲ್ಲೂ ಆ ಪಟ್ಟಿ ಮಾಸಿತ್ತು! ಕಾರಣ ಬೇರೆ: ಅಲ್ಲಿ ಮಯೋಸಿನ್‌ಗಳು ಒಂದಕ್ಕೊಂದು ಬೆಸೆದು, ಪರೀಕ್ಷೆಯ ಜೆಲ್ ಒಳಗೆ ಇಳಿಯಲಾಗದಷ್ಟು ದೊಡ್ಡದಾಗಿ ಮಾದರಿ ಹಾಕುವ ಗುಳಿಯ ಬಾಯಲ್ಲೇ ಕುಳಿತಿದ್ದವು. ಪಟ್ಟಿ ಇಲ್ಲ ಎಂದರೆ ಕಟ್ಟಿದೆ ಎಂದೂ ಆಗಬಹುದು, ಕತ್ತರಿಸಿದೆ ಎಂದೂ ಆಗಬಹುದು. ಎರಡನ್ನು ಬೇರೆ ಮಾಡಲು ಶೇ. 5 ಟ್ರೈಕ್ಲೋರೋ ಅಸಿಟಿಕ್ ಆಮ್ಲದಲ್ಲಿ ಅರೆದು, ಸೋಸಿ, ಕರಗಿ ಉಳಿದ ಸಣ್ಣ ಪೆಪ್ಟೈಡ್‌ಗಳನ್ನು ಅಳೆಯಬೇಕು. ದೊಡ್ಡ ಪ್ರೋಟೀನ್ ಆ ಆಮ್ಲದಲ್ಲಿ ಕೆಳಗೆ ಕೂರುತ್ತದೆ, ಚೂರುಗಳು ಕೂರುವುದಿಲ್ಲ. ಲಾಗ್‌ನ ನಡುವಿನಲ್ಲಿ ಚೂರುಗಳು ಅಂಚಿನ ಮೂರು ಪಟ್ಟು ಇದ್ದವು. ಬಾಲ್‌ನಲ್ಲಿ ಅಂಚಿನಷ್ಟೇ.

ಬದಲಿಸಿದ್ದು

ಮೊದಲು ಸ್ಟೀಮ್ ಟ್ರ್ಯಾಪ್. ಅದೊಂದನ್ನೇ ಬದಲಿಸಿದಾಗ ಓಣಿಯ ಹೊತ್ತು 13ರಿಂದ 10 ನಿಮಿಷಕ್ಕೆ ಇಳಿಯಿತು, ನಡುವಿನ ಜೆಲ್ ಬಲ 180ಕ್ಕೆ ಏರಿತು. ಹೋಟೆಲ್‌ಗೆ ಕೊಡುವಷ್ಟಲ್ಲ. 5 ಸೆಂ.ಮೀ.ಗೆ ಇದಕ್ಕಿಂತ ವೇಗ ಬೇಕಾದರೆ ಪೇಸ್ಟ್ ಮೂಲಕವೇ ವಿದ್ಯುತ್ ಹಾಯಿಸಿ ಒಳಗೂ ಹೊರಗೂ ಒಟ್ಟಿಗೆ ಬಿಸಿ ಮಾಡುವ ಓಮಿಕ್ ಯಂತ್ರ ಬೇಕು. ಈ ಗಾತ್ರದ ಘಟಕಕ್ಕೆ ಅದು ಎಟುಕದು. ಮೊಟ್ಟೆಯ ಬಿಳಿಭಾಗದ ಪುಡಿಯಲ್ಲಿ ಪ್ರೋಟಿಯೇಸ್ ತಡೆಯುವ ಪದಾರ್ಥಗಳಿವೆ. ಶೇ. 1 ಹಾಕಿ ನೋಡಿದಾಗ ನಡು ಸುಧಾರಿಸಿತು, ಬಣ್ಣವೂ ಬಿಳಿಯಾಯಿತು. ಆದರೆ ಲೇಬಲ್‌ನಲ್ಲಿ ಮೊಟ್ಟೆ ಎಂದು ಬರೆಯಬೇಕು, ಗ್ರಾಹಕರು ಅದಕ್ಕೆ ಒಪ್ಪಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಅದು ಒಳ್ಳೆಯದೇ ಆಯಿತು. ಪುಡಿ ಹಾಕಿ ಗೆದ್ದಿದ್ದರೆ ತೊಟ್ಟಿಯ ದೋಷ ಹಾಗೇ ಉಳಿಯುತ್ತಿತ್ತು.

ಕೊನೆಗೆ ಒಪ್ಪಿಗೆಯಾದದ್ದು 4 ಸೆಂ.ಮೀ. ವ್ಯಾಸ. ಬ್ರೆಡ್ ಮೇಲೆ ಎರಡು ಬಿಲ್ಲೆಯ ಬದಲು ಮೂರು ಇಟ್ಟರಾಯಿತು ಎಂದು ಹೋಟೆಲ್‌ನವರೇ ಹೇಳಿದರು. ಗಡಿಯಾರ 4,460ರಿಂದ 2,860 ಸೆಕೆಂಡಿಗೆ ಇಳಿಯಿತು. 90ರಲ್ಲಿ ಓಣಿ ದಾಟಲು ಆರು ನಿಮಿಷ. 40ರಲ್ಲಿ ಕೇಂದ್ರ 38 ಮುಟ್ಟಲು 26 ನಿಮಿಷ. ಹಾಗಾಗಿ ಸುವಾರಿಯ ಹೊತ್ತನ್ನು 50 ನಿಮಿಷಕ್ಕೆ ಏರಿಸಿದರು, ಕೇಂದ್ರಕ್ಕೆ 24 ನಿಮಿಷ ಸಿಗುವಂತೆ. ಇದಕ್ಕಿಂತ ಹೆಚ್ಚಿಸುವ ಆಸೆ ಬೇಡ. ಹಸಿ ಮೀನಿನ ಪೇಸ್ಟ್ 40 ಡಿಗ್ರಿಯಲ್ಲಿ ಕುಳಿತಷ್ಟೂ ಬ್ಯಾಕ್ಟೀರಿಯಾಕ್ಕೂ ಹಬ್ಬ, ಶೇ. 2.5 ಉಪ್ಪಿಗೆ ಅವು ಹೆದರುವುದಿಲ್ಲ. ಸುವಾರಿ ತೊಟ್ಟಿಯಿಂದ ಬೇಯಿಸುವ ತೊಟ್ಟಿಗೆ ಕ್ರೇಟ್ ಸಾಗಲು ಎರಡು ನಿಮಿಷಕ್ಕಿಂತ ಹೆಚ್ಚು ಆಗಬಾರದು ಎಂದೂ ಕಾರ್ಡಿಗೆ ಸೇರಿಸಿದರು. ಬೇಯಿಸುವ ನೀರು 95ಕ್ಕೆ ಬಂದ ಮೇಲೆಯೇ ಮಾಲು ಇಳಿಸುವುದು. ಒಂದು ಸಲಕ್ಕೆ 40 ಕೆಜಿ, ಕ್ರೇಟ್‌ನಲ್ಲಿ ಒಂದೇ ಪದರ, ಲಾಗ್‌ಗಳ ನಡುವೆ ಬೆರಳಷ್ಟು ಜಾಗ. ಸ್ಟೀಮ್ ಇಲ್ಲದಿದ್ದರೂ 40 ಕೆಜಿಗೆ ನೀರು 87ರ ಕೆಳಗೆ ಇಳಿಯದು; ಸ್ಟೀಮ್ ಇದ್ದಾಗ 90ರಲ್ಲಿ ನಿಂತಿತು. ಮೂರು ಪದರ ಒಟ್ಟಿದರೆ ಮಾತ್ರ ಮಧ್ಯದ ಪದರದ ಸುತ್ತ ನೀರು ಅಲುಗಾಡದೆ ಲೆಕ್ಕವೆಲ್ಲ ತಪ್ಪುತ್ತದೆ.

ಹೊಸ ಕ್ರಮದಲ್ಲಿ ನಡುವಿನ ಜೆಲ್ ಬಲ 390, ಅಂಚಿನದು 450. ಬಾಲ್‌ನಷ್ಟಿಲ್ಲ, ಆದರೆ ನಾಲ್ಕಾಗಿ ಮಡಚಿದರೆ ಬಿರಿಯುವುದಿಲ್ಲ. ದಿನದ ಉತ್ಪಾದನೆ ಮೂರನೇ ಒಂದು ಪಾಲು ಕಡಿಮೆಯಾಯಿತು, ಆ ವೆಚ್ಚವನ್ನು ದರಕ್ಕೆ ಸೇರಿಸಿದರು.

ಒಂದು ಪ್ರಶ್ನೆ ಬಾಕಿ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಆ ಅವಧಿಯಲ್ಲಿ ಹೊಸ ಬ್ಲಾಕ್ ಬರುವುದಿಲ್ಲ. ಜುಲೈ ಕೊನೆಗೆ ಕೈಯಲ್ಲಿರುವುದು ಎರಡು ಮೂರು ತಿಂಗಳು ಹಳೆಯ ಮಾಲು. ಹಳೆಯ ಮಯೋಸಿನ್ ಸ್ವಲ್ಪ ಕೆಟ್ಟಿದ್ದರೆ 24 ನಿಮಿಷದ ಸುವಾರಿ ಸಾಕಾಗದು. ಅದಕ್ಕಾಗಿ ಪ್ರತಿ ಹೊಸ ಲಾಟ್‌ಗೆ 2.5 ಸೆಂ.ಮೀ. ಕೇಸಿಂಗ್‌ನ ಮೂರು ವಿಧದ ಪರೀಕ್ಷೆಯನ್ನು ಮತ್ತೆ ಮಾಡುತ್ತಾರೆ. 40 ಮತ್ತು 90ರ ಮಾದರಿ 450ಕ್ಕಿಂತ ಕೆಳಗೆ ಬಂದರೆ ಆ ಲಾಟ್ ಲಾಗ್‌ಗೆ ಹೋಗುವುದಿಲ್ಲ, ಬಾಲ್‌ಗೆ ಹೋಗುತ್ತದೆ.